ಒಬ್ಬರಿಗಷ್ಟೇ ಸಾಲುವ ಆಮ್ಲಜನಕ

ಕೇಳುಗರಿಗೆ ನಮಸ್ಕಾರ.

1975ರ ಮೇ 16ರಂದು ಜಪಾನಿನ ಜುಂಕೊ ತಬೆಯಿ ಎವರೆಸ್ಟ್ ಶಿಖರ ಏರಿದರು. ಆ ನೆತ್ತಿಯ ಮೇಲೆ ಹೆಣ್ಣೊಬ್ಬಳು ಕಾಲಿಟ್ಟದ್ದು ಅದೇ ಮೊದಲು. ಇಷ್ಟು ಎಲ್ಲರಿಗೂ ಗೊತ್ತು. ಅಲ್ಲಿಗೆ ಹೋಗಲು ಏನೇನು ಬೇಕಾಯಿತು ಎಂಬುದನ್ನು ಹೇಳಬೇಕೆನಿಸುತ್ತದೆ.

ಮೊದಲ ಕಷ್ಟ ಹಣದ್ದು. 1969ರಲ್ಲಿ ತಬೆಯಿ ಮಹಿಳೆಯರದೇ ಒಂದು ಪರ್ವತಾರೋಹಣ ಸಂಘ ಕಟ್ಟಿದ್ದರು. ಮರುವರ್ಷವೇ ಸಂಘದವರು ಹಿಮಾಲಯದ 7,555 ಮೀಟರ್ ಎತ್ತರದ ಅನ್ನಪೂರ್ಣಾ-3 ಶಿಖರ ಏರಿ ಬಂದರು. ಆದರೂ ಎವರೆಸ್ಟಿಗೆಂದು ನೆರವು ಕೇಳಿದಾಗ, ಮಕ್ಕಳನ್ನು ನೋಡಿಕೊಂಡು ಮನೆಯಲ್ಲಿರಿ ಎಂಬ ಮಾತೇ ಸಿಕ್ಕಿತು. ಕೊನೆಗಳಿಗೆಯಲ್ಲಿ ಒಂದು ಪತ್ರಿಕೆಯೂ ಒಂದು ಟೆಲಿವಿಷನ್ ಸಂಸ್ಥೆಯೂ ಕೈಹಿಡಿದವು. ಅಷ್ಟಾದರೂ 15 ಜನರ ತಂಡದ ಪ್ರತಿಯೊಬ್ಬರೂ ವರ್ಷದ ಸಂಬಳದಷ್ಟು ಹಣ ಹಾಕಬೇಕಾಯಿತು. ಉಳಿತಾಯಕ್ಕಾಗಿ ಕಾರಿನ ಸೀಟಿನ ಹೊದಿಕೆ ಕತ್ತರಿಸಿ ಕೈಗವಸಿನ ಮೇಲೆ ತೊಡುವ, ನೀರು ಹಿಡಿಯದ ಹೊರಗವಸು ಹೊಲಿದರು. ಇದನ್ನು ಸಣ್ಣ ಕೆಲಸ ಎನ್ನಬೇಡಿ. ಒಳಗವಸು ಒದ್ದೆಯಾದರೆ ಬೆರಳು ಮರಗಟ್ಟುತ್ತದೆ, ಮರಗಟ್ಟಿದ ಬೆರಳಿಗೆ ಹಗ್ಗದ ಹಿಡಿತ ಇರುವುದಿಲ್ಲ.

ಮೇ 4ರ ನಡುರಾತ್ರಿ ಕಳೆದ ಮೇಲೆ, 6,300 ಮೀಟರ್ ಎತ್ತರದ ಎರಡನೇ ಶಿಬಿರದ ಮೇಲೆ ಹಿಮಕುಸಿತ ಬಿತ್ತು. ಹಿಮದಡಿ ಸಿಕ್ಕ ತಬೆಯಿ ಸುಮಾರು ಆರು ನಿಮಿಷ ಪ್ರಜ್ಞೆ ತಪ್ಪಿದ್ದರು. ಹೊರೆ ಹೊತ್ತು ಜೊತೆಗೆ ಏರುವ ಶೆರ್ಪಾಗಳು ಎಳೆದು ತೆಗೆದರು. ಯಾರೂ ಸಾಯಲಿಲ್ಲ. ಎರಡು ದಿನ ನಡೆಯಲೂ ಆಗದಿದ್ದ ಆಕೆ ಕೆಳಗಿಳಿಯಲು ಒಪ್ಪಲಿಲ್ಲ.

ನಿಜವಾದ ಇಕ್ಕಟ್ಟು ಬಂದದ್ದು ಆಮೇಲೆ. ಶಿಖರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲೊಂದು ಪಾಲು ಮಾತ್ರ. ಏರುವವರಿಗೆ ಬೇಕಾದ ಆಮ್ಲಜನಕದ ಸಿಲಿಂಡರುಗಳನ್ನು ಬೇರೆಯವರು ಮೊದಲೇ ಮೇಲಿನ ಶಿಬಿರಕ್ಕೆ ಹೊತ್ತು ಮುಟ್ಟಿಸಿರಬೇಕು. ಹೊರುವವನಿಗೂ ಅನ್ನ, ಇಂಧನ, ಡೇರೆ ಬೇಕು. ಅವನು ಕಾಯಿಲೆ ಬಿದ್ದರೆ ಹೊರೆ ಕೆಳಗೇ ಉಳಿಯಿತು. ಆದದ್ದೂ ಅದೇ. ಇಬ್ಬರು ಮಹಿಳೆಯರನ್ನು ಕಳಿಸುವ ಯೋಚನೆಯಿತ್ತು. ಶೆರ್ಪಾಗಳಿಗೆ ಎತ್ತರದ ಕಾಯಿಲೆ ತಗುಲಿ ಇಬ್ಬರಿಗಾಗುವಷ್ಟು ಸಿಲಿಂಡರ್ ಮೇಲೇರಲಿಲ್ಲ. ನಾಯಕಿ ಐಕೊ ಹಿಸಾನೊ ತಬೆಯಿಯ ಹೆಸರು ಹೇಳಿದರು. ಇನ್ನೊಬ್ಬರು ಹಿಂದೆ ಉಳಿದರು. ಈ ಏರಿಕೆಯಲ್ಲಿ ನನಗೆ ಅತ್ಯಂತ ಭಾರವೆನಿಸುವ ಗಳಿಗೆ ಇದು.

ಜೊತೆಗಿದ್ದವರು ಶೆರ್ಪಾ ಆಂಗ್ ತ್ಸೆರಿಂಗ್. ಶಿಖರ ಇನ್ನೇನು ಸಿಕ್ಕಿತು ಎನ್ನುವಾಗ ಕತ್ತಿಯಲಗಿನಂಥ ಹಿಮದ ಏಣು ಎದುರಾಯಿತು. ಒಂದು ಮಗ್ಗುಲು ಟಿಬೆಟ್, ಇನ್ನೊಂದು ನೇಪಾಳ. ಟಿಬೆಟ್ ಕಡೆಗೆ ಗಾಳಿ ಹಿಮವನ್ನು ಸೂರಿನಂತೆ ಚಾಚಿರುತ್ತದೆ, ಅಡಿಯಲ್ಲಿ ಆಧಾರವಿಲ್ಲ, ಮೇಲೆ ಭಾರ ಬಿದ್ದರೆ ಮುರಿಯುತ್ತದೆ. ಹಿಂದೆ ಹೋಗಿಬಂದವರ ಬರಹಗಳಲ್ಲಿ ಈ ಏಣಿನ ಮಾತೇ ಇರಲಿಲ್ಲವೆಂದು ತಬೆಯಿಗೆ ಕೋಪವೇ ಬಂತು. ಎದೆ ಟಿಬೆಟ್ ಕಡೆಗೆ, ಕಾಲು ನೇಪಾಳದ ಕಡೆಗೆ ಮಾಡಿ, ಅಡ್ಡಡ್ಡಲಾಗಿ ತೆವಳುತ್ತಾ ದಾಟಿದರು.

ಹನ್ನೊಂದು ದಿನ ಕಳೆದು, ಮೇ 27ರಂದು, ಟಿಬೆಟಿನ ಫಾಂಥೋಗ್ ಎಂಬ ಮಹಿಳೆ ಉತ್ತರದ ದಾರಿಯಿಂದ ಅದೇ ನೆತ್ತಿಗೆ ಬಂದು ನಿಂತರು.