ಸೈಕಲ್ ಸೀಟೂ ಕರಾವಳಿಯ ಬೆವರೂ

ಕೇಳುಗರಿಗೆ ನಮಸ್ಕಾರ.

ಕುಂಬಳೆಯಿಂದ ಬೇಕಲ ಕೋಟೆಗೆ ಹೋಗಿ ಬರಲು ಸುಮಾರು 60 ಕಿಲೋಮೀಟರು. ನಾನು ಮೊದಲ ಸಲ ಸೈಕಲಿನಲ್ಲಿ ಅಷ್ಟು ದೂರ ಹೋದದ್ದು ಮೇ ತಿಂಗಳಿನಲ್ಲಿ, ಜೀನ್ಸ್ ಪ್ಯಾಂಟು ತೊಟ್ಟು. ಚಂದ್ರಗಿರಿ ಸೇತುವೆ ದಾಟುವವರೆಗೆ ಏನೂ ಅನ್ನಿಸಲಿಲ್ಲ. ಉದುಮ ತಲುಪುವಾಗ ತೊಡೆಸಂದಿನಲ್ಲಿ ಸಣ್ಣಗೆ ಉರಿ ಶುರುವಾಯಿತು. ಹಿಂತಿರುಗುವಾಗ ಸೀಟಿನ ಮೇಲೆ ಕೂರಲಾಗದೆ ಬಹಳಷ್ಟು ದಾರಿ ಸೈಕಲನ್ನು ದೂಡಿಕೊಂಡೇ ಬಂದೆ. ಮನೆಯಲ್ಲಿ ಕಾಲುನೋವು ಎಂದೆ. ನಿಜ ಹೇಳಲು ನಾಚಿಕೆ. ಮೂರನೆಯ ದಿನಕ್ಕೆ ಕುರು ಎದ್ದಿತು. ಎರಡು ವಾರ ಸೈಕಲ್ ಮುಟ್ಟಲಾಗಲಿಲ್ಲ. ಇದೇ ಉರಿಗೆ ಹೆದರಿ, ಯಾರಲ್ಲೂ ಹೇಳದೆ, ಸೈಕಲನ್ನು ಚಾವಡಿಯ ಮೂಲೆಗೆ ಒರಗಿಸಿಟ್ಟವರನ್ನು ನಾನು ಬಲ್ಲೆ. ಅವರಿಗಾಗಿ ಈ ಮಾತು.

ಒತ್ತಡದಿಂದ ಬರುವ ನೋವು ಬೇರೆ, ಚರ್ಮ ಉಜ್ಜಿ ಬರುವ ಉರಿ ಬೇರೆ. ಮೊದಲು ಒತ್ತಡದ ವಿಷಯ. ಊಟದ ಮಣೆಯ ಮೇಲೆ ಕೂತು ಅಂಗೈಗಳನ್ನು ಅಡಿಗೆ ಹಾಕಿ ನೋಡಿ. ಎರಡು ಗಟ್ಟಿ ಎಲುಬುಗಳು ಕೈಗೆ ಸಿಗುತ್ತವೆ. ಮೈಭಾರ ಬೀಳಬೇಕಾದದ್ದು ಅವುಗಳ ಮೇಲೆ. ಸೀಟು ಕಿರಿದಾದರೆ ಭಾರವೆಲ್ಲ ನಡುವಿನ ಮೆತ್ತಗಿನ ಭಾಗಕ್ಕೆ, ಅಲ್ಲಿರುವ ನರ ಮತ್ತು ರಕ್ತನಾಳಗಳಿಗೆ ಬೀಳುತ್ತದೆ. ಜೋಮು ಹಿಡಿಯುವುದು ಅದರಿಂದಲೇ. ಜೋಮು ಹಿಡಿದಾಗ ಹಲ್ಲು ಕಚ್ಚಿ ತುಳಿಯಬೇಡಿ, ಇಳಿದುಬಿಡಿ. ನಿಮ್ಮ ಅಳತೆ ತಿಳಿಯಬೇಕಾದರೆ ರಟ್ಟಿನ ಪೆಟ್ಟಿಗೆಯ ತುಂಡೊಂದನ್ನು ಮೆಟ್ಟಿಲಿನ ಮೇಲಿಟ್ಟು, ತುಸು ಮುಂದೆ ಬಾಗಿ ಕೂತು ಏಳಿ. ರಟ್ಟಿನಲ್ಲಿ ಎರಡು ಗುಳಿ ಮೂಡಿರುತ್ತವೆ. ಅವುಗಳ ನಡುವಿನ ಅಂತರಕ್ಕೆ ಎರಡು ಸೆಂಟಿಮೀಟರಿನಷ್ಟು ಕೂಡಿಸಿದರೆ ಬೇಕಾದ ಸೀಟಿನ ಅಗಲ ಅಂದಾಜಿಗೆ ಸಿಗುತ್ತದೆ. ಹೆಂಗಸರಲ್ಲಿ ಸಾಮಾನ್ಯವಾಗಿ ಈ ಅಂತರ ಹೆಚ್ಚು. ಅಣ್ಣನಿಗೆ ಹಿತವಾದ ಸೀಟು ತಂಗಿಗೆ ನೋವು ಕೊಡುವುದುಂಟು.

ನೋವಾದ ಕೂಡಲೇ ಜೆಲ್ ತುಂಬಿದ ದಪ್ಪ ಕವರ್ ಕೊಳ್ಳುತ್ತೇವೆ. ನಾನೂ ಕೊಂಡೆ. ಪೇಟೆಗೆ ಹೋಗಿ ಬರಲು ಅದು ಹಿತವೇ. ದೂರ ಹೋದರೆ ಎಲುಬು ಅದರೊಳಗೆ ಹೂತು, ನಡುವಿನ ಜೆಲ್ ಉಬ್ಬಿ, ಒತ್ತಬಾರದ ಜಾಗವನ್ನೇ ಒತ್ತುತ್ತದೆ. ಅಗಲ ಸರಿಯಿರುವ, ಸ್ವಲ್ಪ ಗಟ್ಟಿಯಾದ ಸೀಟೇ ಮೇಲು.

ಎತ್ತರವನ್ನೂ ನೋಡಿ. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಸೀಟು ಅದಕ್ಕಿಂತ ಎತ್ತರವಿದ್ದರೆ ಪ್ರತಿ ತುಳಿತಕ್ಕೂ ಸೊಂಟ ಆಚೀಚೆ ಓಲಾಡಿ ಚರ್ಮ ಉಜ್ಜುತ್ತದೆ. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 4,800 ಸುತ್ತು. ಅಷ್ಟು ಸಲ ಉಜ್ಜಿದರೆ ಯಾವ ಚರ್ಮ ತಡೆದೀತು?

ಅದರ ಮೇಲೆ ನಮ್ಮ ಸೆಕೆ. ಮಂಜೇಶ್ವರದಿಂದ ಕಾಞಂಗಾಡಿನವರೆಗೆ ಗಾಳಿಯಲ್ಲೇ ತೇವ, ಬೆವರು ಆರುವುದಿಲ್ಲ. ನೆನೆದ ಚರ್ಮ ಮೆತ್ತಗಾಗಿ ಬೇಗ ಸುಲಿಯುತ್ತದೆ, ಎಲ್ಲಾದರೂ ಕೂತು ಆರಿಸಿಕೊಂಡರೆ ಉಳಿದ ಉಪ್ಪು ಮರಳಿನ ಹಾಗೆ ಕೆರೆಯುತ್ತದೆ. ಜೀನ್ಸಿನ ಹೊಲಿಗೆಗಳೆಲ್ಲ ಸೇರುವ ದಪ್ಪ ಗಂಟು ಇರುವುದೂ ಸರಿಯಾಗಿ ಅಲ್ಲೇ. ಹತ್ತಿಯ ಒಳಚಡ್ಡಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ದೂರದ ಸವಾರಿಗೆ ಪ್ಯಾಡ್ ಇರುವ ಸೈಕಲ್ ಚಡ್ಡಿ ಬೇಕು, ಅದರೊಳಗೆ ಬೇರೆ ಒಳಚಡ್ಡಿ ಹಾಕಬಾರದು. ಇದನ್ನು ಕೇಳಿ ಮುಜುಗರಪಡುವವರಿದ್ದಾರೆ. ಮೇಲಿನಿಂದ ಸಡಿಲವಾದ ಪ್ಯಾಂಟೋ ಚೂಡಿದಾರವೋ ತೊಟ್ಟರಾಯಿತು. ಹಿಂದೆ ಯುರೋಪಿನಲ್ಲಿ ಈ ಪ್ಯಾಡನ್ನು ಶಾಮ್ವಾ ಎಂಬ ಬೆಟ್ಟದ ಪ್ರಾಣಿಯ ತೊಗಲಿನಿಂದ ಮಾಡುತ್ತಿದ್ದರು. ಒಗೆದರೆ ತೊಗಲು ಬಿರುಸಾಗುತ್ತಿತ್ತು, ಮೆತ್ತಗಾಗಲು ಕ್ರೀಮು ಸವರುತ್ತಿದ್ದರು. ತೊಗಲು ಹೋಯಿತು, ಕ್ರೀಮು ಚರ್ಮಕ್ಕಾಗಿ ಉಳಿಯಿತು. ನಮಗೆ ಪೆಟ್ರೋಲಿಯಂ ಜೆಲ್ಲಿ ಸಾಕು. ಹೊರಡುವ ಮೊದಲೇ ಉಜ್ಜುವ ಜಾಗಕ್ಕೆ ಹಚ್ಚಿ. ತೆಂಗಿನೆಣ್ಣೆಯೂ ಆಗುತ್ತದೆ, ಆದರೆ ಬೇಗ ಇಂಗುವುದರಿಂದ ನಡುವೆ ಮತ್ತೆ ಹಚ್ಚಬೇಕು. ಪೌಡರ್ ಮಾತ್ರ ಬೇಡ. ಬೆವರಿಗೆ ಕಲಸಿ ಉಂಡೆ ಕಟ್ಟುತ್ತದೆ.

ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಲ್ಲಿ. ಮಾರ್ಗದಲ್ಲಿ ಹಂಪ್ ಕಂಡಲ್ಲೆಲ್ಲ ಎದ್ದರೂ ಆದೀತು. ದೂರವನ್ನು ವಾರವಾರಕ್ಕೆ ಸ್ವಲ್ಪಸ್ವಲ್ಪವೇ ಏರಿಸಿ.

ಮನೆ ತಲುಪಿದ ಮೇಲೆ ಒದ್ದೆ ಚಡ್ಡಿಯಲ್ಲೇ ಚಹಾ ಕುಡಿಯುತ್ತಾ ಕೂರಬೇಡಿ. ನನಗೆ ಕುರು ಎದ್ದದ್ದು ಹಾಗೆ ಕೂತದ್ದರಿಂದ ಎಂದೇ ನಂಬಿದ್ದೇನೆ. ಮೊದಲು ಸ್ನಾನ, ಬೈರಾಸಿನಿಂದ ಒತ್ತಿ ಒರಸಿ, ಸಡಿಲ ಬಟ್ಟೆ. ಕುರು ಎದ್ದರೆ ಹಿಚುಕಬಾರದು. ಕೆಂಪು ಹರಡಿದರೆ, ಜ್ವರ ಬಂದರೆ ಡಾಕ್ಟರರಲ್ಲಿ ತೋರಿಸಿ. ಉಂಗುರದ ಹಾಗೆ ತುರಿ ಎದ್ದರೆ ಅದು ಶಿಲೀಂಧ್ರದ ಸೋಂಕಿರಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ, ಸ್ಟೀರಾಯ್ಡ್ ಬೆರೆತ ಮುಲಾಮು ಎರಡು ದಿನ ತುರಿಕೆ ಅಡಗಿಸಿ ಒಳಗಿಂದೊಳಗೆ ಅದನ್ನು ಬೆಳೆಸುತ್ತದೆ.

ಆಟಿಯ ಮಳೆಯಲ್ಲಿ ಪ್ಯಾಡ್ ಒಣಗಲು ಎರಡು ದಿನ ಹಿಡಿದರೂ ಹಿಡಿಯಿತು. ಎರಡು ಚಡ್ಡಿ ಇಟ್ಟುಕೊಳ್ಳಿ. ಒಗೆದದ್ದನ್ನು ಬೈರಾಸಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಒಳಮಗ್ಗುಲು ಹೊರಗೆ ಮಾಡಿ ಫ್ಯಾನಿನಡಿಗೆ ಹಾಕಿ. ಬಚ್ಚಲ ಒಲೆಯ ಮೇಲೆ ಬೇಡ, ಬಿಸಿಗೆ ಇಲಾಸ್ಟಿಕ್ ಸೋಲುತ್ತದೆ. ಬೆಳಗ್ಗೆ ಮುಟ್ಟಿದಾಗ ತಣ್ಣಗೆ ಅನ್ನಿಸಿದರೆ ಆ ದಿನ ಇನ್ನೊಂದನ್ನು ತೊಟ್ಟು ಹೊರಡಿ.

ನಮಸ್ಕಾರ.