ಕೆಆರ್‌ಎಸ್‌ ತುಂಬಿತು ಸರಿ, ಎಷ್ಟು ದಿನದಲ್ಲಿ ತುಂಬಿತು?

ನಮಸ್ಕಾರ. ಮುಂಗಾರು ಶುರುವಾದರೆ ಮಂಡ್ಯದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಕಟ್ಟೆ ಎಷ್ಟು ಅಡಿ ಆಯ್ತು? 124.80 ಅಡಿ ಮುಟ್ಟಿದರೆ ಕಟ್ಟೆ ಭರ್ತಿ, ಊರಿಗೆಲ್ಲ ಖುಷಿ. ಈ ಸಲ ಅದರ ಪಕ್ಕದ ಸಾಲನ್ನೂ ನೋಡಿ. ಒಳಹರಿವು.

[ಪರದೆ ಮೇಲೆ: ಜಲಾಶಯದ ಅಂದಿನ ಮಟ್ಟದ ಪಟ್ಟಿ, ‘ಒಳಹರಿವು’ ಸಾಲಿಗೆ ಗುರುತು]

ಕೆಆರ್‌ಎಸ್‌ನಲ್ಲಿ ಹಿಡಿಯುವುದು ಸುಮಾರು 49.45 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ದಿನವಿಡೀ 11,574 ಕ್ಯೂಸೆಕ್‌ನಂತೆ, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿಯಂತೆ, ಹರಿದರೆ 1 ಟಿಎಂಸಿ. ಲೆಕ್ಕ ಹಾಕಿ. ಅರ್ಧ ತುಂಬಿದ ಕಟ್ಟೆಗೆ 20 ಸಾವಿರ ಕ್ಯೂಸೆಕ್‌ ಬರುತ್ತಿದ್ದರೆ, ಪೂರ್ತಿ ತುಂಬಲು ಎರಡು ವಾರ. 1 ಲಕ್ಷ ಕ್ಯೂಸೆಕ್‌ ನುಗ್ಗಿದರೆ ಮೂರೇ ದಿನ! ಆಮೇಲೆ ಬಂದಷ್ಟನ್ನೂ ಹೊಳೆಗೆ ಬಿಡಲೇಬೇಕು. ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ, ಶ್ರೀರಂಗಪಟ್ಟಣದ ನದಿ ದಡದವರಿಗೆ ನಿದ್ದೆ ಇರುವುದಿಲ್ಲ. ಅಷ್ಟು ನೀರನ್ನು ನಾಲೆಗೆ ತಿರುಗಿಸೋಣ ಅಂದರೆ ನಾಲೆ ತಡೆಯುವುದಿಲ್ಲ.

ಮಳೆ ಹೀಗೆ ಒಟ್ಟಿಗೆ ಸುರಿಯುವುದು ಯಾಕೆ? ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿಯುತ್ತದೆ. ಸುರಿದರೆ ಜೋರಾಗಿ ಸುರಿಯುತ್ತದೆ. ಕೊಡಗಿನಲ್ಲಿ ಜಡಿಮಳೆ ಹಿಡಿದರೆ ನೀರು ಮಣ್ಣಿಗೆ ಇಳಿದು, ತಿಂಗಳುಗಟ್ಟಲೆ ತೊರೆಗಳಲ್ಲಿ ಜಿನುಗಿ ಕಾವೇರಿಗೆ ಬರುತ್ತದೆ. ಮಳೆ ನಿಂತ ಮೇಲೂ ಹೊಳೆ ಹರಿಯುವುದು ಅದರಿಂದಲೇ. ಒಂದೆರಡು ದಿನದಲ್ಲಿ ಸುರಿದುಬಿಟ್ಟರೆ ಇಳಿಯಲು ಪುರುಸೊತ್ತೇ ಇಲ್ಲ, ಮಣ್ಣನ್ನೂ ಕೊಚ್ಚಿಕೊಂಡು ಬರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳೇ ಕುಸಿದವು, ನೆನಪಿದೆ ಅಲ್ವಾ? ಐದು ವರ್ಷಕ್ಕೆ, 2023ರಲ್ಲಿ, 1901ರಿಂದ ದೇಶ ಕಾಣದಷ್ಟು ಒಣ ಆಗಸ್ಟ್‌. ಅದರಲ್ಲಿ ಎಲ್‌ ನಿನೊ ಪಾಲೂ ಇತ್ತು, ಅಂದರೆ ಪೆಸಿಫಿಕ್‌ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರು ಕುಗ್ಗುವುದು. ಇನ್ನು 2025ರಲ್ಲಿ ಜೂನ್‌ನಲ್ಲೇ ಕಟ್ಟೆ ತುಂಬಿತು.

[ದೃಶ್ಯ: ಮಳವಳ್ಳಿ ಕಡೆಯ ಗದ್ದೆ, ಒಟ್ಲು ಪಾತಿ]

ಈ ಏರುಪೇರು ಮೊದಲು ತಟ್ಟುವುದು ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತರಿಗೆ, ಮದ್ದೂರು, ಮಳವಳ್ಳಿ ಕಡೆಗೆ. ಒಟ್ಲು ಬಿಡುತ್ತಾರೆ, ಅಂದರೆ ನಾಟಿಗೆ ಮೊದಲು ಪಾತಿಯಲ್ಲಿ ಭತ್ತದ ಪೈರು ಬೆಳೆಸುತ್ತಾರೆ. ನಾಲೆ ನೀರು ತಡವಾಗುತ್ತದೆ. ಪೈರು ಪಾತಿಯಲ್ಲೇ ಬಲಿತುಬಿಡುತ್ತದೆ. ಬಲಿತ ಪೈರು ನಾಟಿ ಮಾಡಿದರೆ ತೆಂಡೆ, ಅಂದರೆ ಬುಡದ ಹೊಸ ಕವಲು, ಸರಿಯಾಗಿ ಒಡೆಯುವುದಿಲ್ಲ, ಇಳುವರಿ ಬೀಳುತ್ತದೆ. ಕಟ್ಟೆ ಆಮೇಲೆ ತುಂಬಿದರೂ ಆ ಗದ್ದೆಗೆ ಏನು ಬಂತು?

ನನ್ನ ಪ್ರಕಾರ ನಮ್ಮ ಕೈಲಿರುವ ದಾರಿ ಕೆರೆಗಳು. ಹೊಳೆಗೆ ಸಾವಿರಾರು ಕ್ಯೂಸೆಕ್‌ ಬಿಡುವ ವಾರದಲ್ಲೇ, ನಾಲೆ ಹೊರುವಷ್ಟು ನೀರನ್ನು ಕೆರೆಗೆ ತುಂಬಿಸಿಕೊಳ್ಳಬೇಕು. ಅದಕ್ಕೆ ಬೇಸಿಗೆಯಲ್ಲೇ ಹೂಳು ತೆಗೆದು, ತೂಬು ಸರಿಮಾಡಿ, ಒತ್ತುವರಿ ಬಿಡಿಸಿರಬೇಕು. ನಿಮ್ಮೂರ ಕೆರೆಗೆ ನಾಲೆ ನೀರು ಬರುತ್ತಾ? ಊರಿನ ಹೆಸರು ಹಾಕಿ ಕಾಮೆಂಟ್‌ ಮಾಡಿ. ಮುಂದಿನ ವಿಡಿಯೋಗೆ ಅಲ್ಲಿಗೇ ಬರುತ್ತೇವೆ.