ಕಡೆಯ ಸೈಕಲ್ಲಿನ ಹಿಂದೆ

ಕೇಳುಗರಿಗೆ ನಮಸ್ಕಾರ.

ಹೋದ ಜನವರಿಯಲ್ಲಿ ಗದಗಿನಿಂದ ಮೂರು ದಿನದ ಸೈಕಲ್ ಪ್ರವಾಸಕ್ಕೆ ಹೋಗಿದ್ದೆ. ನಾವು ಹನ್ನೊಂದು ಜನ, ದಾರಿ ಬಲ್ಲವರು ಇಬ್ಬರು, ಬ್ಯಾಗು ನೀರು ಹೊತ್ತ ಒಂದು ಟಂಟಂ. ನನಗೆ 53 ವರ್ಷ. ಕಾಲೇಜು ಬಿಟ್ಟ ಮೇಲೆ ಮತ್ತೆ ಸೈಕಲ್ ಹತ್ತಿ ಮೂರೇ ವರ್ಷ. ಅದಕ್ಕೇ ದುಡ್ಡು ಕಟ್ಟುವ ಮುಂಚೆ ಫೋನಿನಲ್ಲಿ ಒಂದೇ ಮಾತು ಕೇಳಿದ್ದೆ: "ಎಲ್ಲಾರಿಗಿಂತ ಕಡೀಕ ಬರೋರ ಹಿಂದ ಯಾರ ಇರ್ತಾರ್ರಿ?"

ಅದರ ಹಿಂದಿನ ವರ್ಷ ಬೇರೊಂದು ತಂಡದ ಜೊತೆ ಹೋದಾಗ ಮುಂದಿನವರು ಪಂದ್ಯಕ್ಕೆ ಬಿದ್ದವರಂತೆ ಹೋಗಿಬಿಟ್ಟಿದ್ದರು. ಕೂಡುರಸ್ತೆಯೊಂದರಲ್ಲಿ ಎಡಕ್ಕೋ ಬಲಕ್ಕೋ ತಿಳಿಯದೆ ಮುಕ್ಕಾಲು ತಾಸು ಬಿಸಿಲಲ್ಲಿ ನಿಂತಿದ್ದೆ. ಹಾಗೆ ಒಬ್ಬರನ್ನು ಬಿಟ್ಟು ಹೋಗುವುದು ತಪ್ಪು ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ.

ಈ ಸಲ ದಾರಿ ಬಲ್ಲ ಇಬ್ಬರಲ್ಲಿ ಒಬ್ಬಾತನಿಂದ ಉತ್ತರ ಬಂತು: "ನಾ ಇರ್ತೇನ್ರಿ ಅಕ್ಕಾರ. ನಿಮ್ಮನ್ನ ದಾಟಿ ಹೋಗಂಗಿಲ್ಲ."

ಗದಗಿನಿಂದ ಲಕ್ಕುಂಡಿ ಹನ್ನೆರಡು ಕಿಲೋಮೀಟರಿನ ಆಸುಪಾಸು. ದೂರವೇನೂ ಅಲ್ಲ. ಆದರೆ ಚಳಿಗಾಲದಲ್ಲಿ ನಮ್ಮ ಕಡೆ ಮೂಡಗಾಳಿ, ಲಕ್ಕುಂಡಿ ಇರುವುದೂ ಮೂಡಲಿಗೇ. ಸಪಾಟು ಎರಿ ಹೊಲ, ಅಂದರೆ ಕಪ್ಪುಮಣ್ಣಿನ ಬಯಲು, ಗಾಳಿಗೆ ಅಡ್ಡ ಒಂದು ಗಿಡವಿಲ್ಲ. ಅರ್ಧ ದಾರಿಗೆ ತೊಡೆ ಬಿಗಿದವು. ಹಿಂದಿನಿಂದ ಆತನ ದನಿ: "ಗೇರ್ ಇಳಸ್ರಿ. ಮುಂದಿನವರ ಬೆನ್ನಿಗೆ ಹತ್ತರಿ, ಗಾಳಿ ಅವ್ರು ತಗೋತಾರ." ಹಾಗೇ ಮಾಡಿದೆ. ಕಾಲು ಹಗುರಾಯಿತು.

ಲಕ್ಕುಂಡಿಯಲ್ಲಿ ಬೆವರು ಆರಿಸಿಕೊಂಡದ್ದು ಬ್ರಹ್ಮ ಜಿನಾಲಯದ ನೆರಳಿನಲ್ಲಿ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದ ಹೆಣ್ಣುಮಗಳು ಆಕೆ. ಬಸ್ಸಿನಲ್ಲಿ ಬಂದಾಗಲೆಲ್ಲ ಗುಡಿ ನೋಡಿ ಹೊರಟುಬಿಡುತ್ತಿದ್ದೆ. ಈ ಸಲ ಓಣಿಗಳಲ್ಲಿ ಸೈಕಲ್ ತಳ್ಳಿಕೊಂಡು ನಡೆದಾಗ, ಮನೆಯೊಂದರ ಕಟ್ಟೆಗೆ ಹಾಕಿದ ಹಳೆಯ ಕೆತ್ತನೆಯ ಕಲ್ಲು ಕಂಡಿತು. ಅದರ ಮೇಲೆ ಮುದುಕಿಯೊಬ್ಬರು ಕೂತು ಅವರೆ ಸುಲಿಯುತ್ತಿದ್ದರು.

ಡಂಬಳದ ದಾರಿಯಲ್ಲಿ ನನ್ನ ಹಿಂದಿನ ಗಾಲಿ ಕೂತಿತು. ಜಾಲಿಮುಳ್ಳು. ಮುಂದಿನವರು ಕಣ್ಮರೆಯಾಗಿದ್ದರು, ನಾನು, ಆತ, ಇಬ್ಬರೇ. ಪಕ್ಕದ ಹೊಲದ ರೈತರು ಕೇಳುವ ಮುಂಚೆಯೇ ಬೋಗುಣಿಯಲ್ಲಿ ನೀರು ತಂದರು. ಟ್ಯೂಬನ್ನು ಗೇಣುಗೇಣಾಗಿ ನೀರಲ್ಲಿ ಮುಳುಗಿಸುತ್ತ ಹೋದಂತೆ ಒಂದು ಕಡೆ ಸಾಸಿವೆಯಂಥ ಗುಳ್ಳೆಗಳು ಸಾಲಾಗಿ ಎದ್ದವು. ಒರೆಸಿ, ಉಜ್ಜಿ, ಸಲೂಷನ್ ಹಚ್ಚಿ ಪ್ಯಾಚು ಒತ್ತಿದ. ಅಷ್ಟಕ್ಕೇ ಬಿಡಲಿಲ್ಲ, ಟೈರಿನ ಒಳಮೈಯಲ್ಲಿ ಬೆರಳಾಡಿಸಿ ಮುರಿದು ಉಳಿದ ಮುಳ್ಳಿನ ಮೊನೆ ಹುಡುಕಿ ತೆಗೆದ. ಅದು ಒಳಗೇ ಇದ್ದರೆ ಒಂದು ಫರ್ಲಾಂಗಿಗೆ ಮತ್ತೆ ಪಂಕ್ಚರ್.

ಅಷ್ಟರಲ್ಲಿ ಆ ರೈತರು ಬದುವಿನಲ್ಲಿ ಕುಳ್ಳಿನ ಬೆಂಕಿ ಮಾಡಿ ಎಳೆಯ ಜೋಳದ ತೆನಿ ಸುಟ್ಟಿದ್ದರು. ಬಿಸಿ ತೆನಿಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬೆಲ್ಲದ ಜೊತೆ ಕೊಟ್ಟ ಆ ಸೀತನಿ! ಹಸಿರು ಕಾಳು, ಹಾಲು ತುಂಬಿದ ರುಚಿ, ಹೊಗೆಯ ವಾಸನೆ. ಮುಂದೆ ಹೋದವರಿಗೆ ಅದು ಸಿಗಲಿಲ್ಲ ಎಂದು ನನಗೆ ನಿಜಕ್ಕೂ ಕೆಡುಕೆನಿಸಿತು.

ಡಂಬಳದ ದೊಡ್ಡಬಸಪ್ಪನ ಗುಡಿ, ನಕ್ಷತ್ರದಂತೆ ಮೂಲೆಮೂಲೆಯಾಗಿ ತಿರುಗುವ ಅದರ ಗೋಡೆ, ಕಪ್ಪತಗುಡ್ಡದ ಏರು, ಇವನ್ನೆಲ್ಲ ನೀವೇ ನೋಡಬೇಕು. ನಾನು ಹೇಳಬೇಕಾದದ್ದು ರಾತ್ರಿಯ ಊಟದ ಮಾತು. ನಮ್ಮ ಊಟ ಊರಿನ ಮನೆಗಳಲ್ಲಿ: ಬಿಸಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಮೊಸರು. ಊಟದ ಹಣ ರೊಟ್ಟಿ ಬಡಿದ ತಾಯಂದಿರ ಕೈಗೇ ಹೋಗುತ್ತಿತ್ತು. ಒಲೆಯ ಮುಂದಿದ್ದವರ ಫೋಟೊ ತೆಗೆಯಲು ಒಬ್ಬ ಹುಡುಗ ಮೊಬೈಲು ಎತ್ತಿದಾಗ ನಮ್ಮ ಮುಂದಾಳು ಮೆಲ್ಲಗೆ ಕೈ ತಡೆದು, "ಮೊದಲ ಅವರನ್ನ ಕೇಳು" ಎಂದ. ಹುಡುಗ ಕೇಳಿದ. ಆ ತಾಯಿ ಹಿಟ್ಟಿನ ಕೈ ತೊಳೆದು, ಸೆರಗು ಸರಿಮಾಡಿಕೊಂಡು, ತಾವೇ ಬಂದು ನಿಂತರು.

ಮೂರನೆಯ ಬೆಳಗು ಮಾಗಡಿ ಕೆರೆ. ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿಗೆ, ಅಂದರೆ ರಾಮ್ಸಾರ್ ತಾಣಗಳ ಪಟ್ಟಿಗೆ, 2024ರಲ್ಲಿ ಸೇರಿದ, ನಮ್ಮ ಶಿರಹಟ್ಟಿ ತಾಲೂಕಿನ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು ಇಲ್ಲಿ ತಂಗುತ್ತವೆ. ಸೈಕಲ್ಲುಗಳನ್ನು ದೂರದಲ್ಲೇ ನಿಲ್ಲಿಸಿ, ಮಾತು ನಿಲ್ಲಿಸಿ ನಡೆದೆವು. ನಾನು ಅಲ್ಲೂ ಕಡೆಗೇ ತಲುಪಿದೆ. ಹತ್ತೂ ಜನ ಏರಿಯ ಕೆಳಗೆ ಕೂತು ಕಾಯುತ್ತಿದ್ದರು. ಒಬ್ಬರೂ ಮೇಲೆ ಹತ್ತಿರಲಿಲ್ಲ. ಹಿಂದಿದ್ದ ಆತ ಕೈಸನ್ನೆ ಮಾಡಿದ ಮೇಲೆ ಎಲ್ಲರೂ ಕೂಡಿಯೇ ಏರಿ ಹತ್ತಿದೆವು. ನೀರಿನ ಮೇಲೆ ಬೂದುಬಣ್ಣದ ಹಕ್ಕಿಗಳು, ತಲೆಯ ಹಿಂದೆ ಎರಡೆರಡು ಕರಿಗೆರೆ.

ಬೇಸಿಗೆ ಬಲಿತರೆ ಆ ಹಕ್ಕಿಗಳಿರುವುದಿಲ್ಲ, ಎರಿ ಸೀಮೆಯ ಬಿಸಿಲೂ ತಡೆಯದು. ಹೋಗುವವರು ಶಿವರಾತ್ರಿಯೊಳಗೆ ಹೋಗಿಬನ್ನಿ. ಹೆಸರು ಕೊಡುವ ಮುಂಚೆ ನಾನು ಕೇಳಿದ್ದನ್ನು ನೀವೂ ಕೇಳಿ.

ನಮಸ್ಕಾರ.